ಬೇಟೆಯ ಚಿತ್ರಗಳು ಯಾರ ಕನ್ನಡಿ?

ಕಳೆದ ವರ್ಷ ನಮ್ಮ ಜಿಲ್ಲೆಯ ಕಾಲೇಜೊಂದರಲ್ಲಿ ಚಿತ್ರಕಲೆ ಮತ್ತು ಚರಿತ್ರೆಯ ಬಗ್ಗೆ ಒಂದು ವಿಚಾರ ಸಂಕಿರಣ ನಡೆಯಿತು. ಕಥೆ ಬರೆಯುವ ನನ್ನನ್ನೂ ಪ್ರತಿಕ್ರಿಯೆ ನೀಡಲು ಕರೆದಿದ್ದರು. ಅಂದು ಮುಖ್ಯವಾಗಿ ಮಾತನಾಡಿದವರು ಇತಿಹಾಸದ ಹಿರಿಯ ಮೇಷ್ಟ್ರು. ಯುರೋಪಿನಲ್ಲಿ 16 ಮತ್ತು 17ನೇ ಶತಮಾನದಲ್ಲಿ ಅಚ್ಚಾದ ಬೇಟೆ ಮತ್ತು ಮೀನುಗಾರಿಕೆಯ ಚಿತ್ರಗಳು ಅವರ ವಿಷಯ. ಪರದೆಯ ಮೇಲೆ ಒಂದಾದ ಮೇಲೊಂದು ಚಿತ್ರ ಬಂತು. ನಾಯಿಗಳ ಹಿಂಡು ಮುತ್ತಿದ ಗಂಡು ಜಿಂಕೆ, ಸತ್ತ ಜಿಂಕೆಯ ಮುಂದೆ ಕತ್ತಿ ಹಿಡಿಯಲಿರುವ ರಾಣಿ, ನದಿಯಲ್ಲಿ ಬಲೆ ಎಳೆಯುವ ಜನ, ಕೊನೆಯಲ್ಲಿ ಅಮೆರಿಕದ ಮೂಲನಿವಾಸಿಗಳು ದೋಣಿಯಲ್ಲಿ ಕೂತು ಮೀನು ಹಿಡಿಯುವ ದೃಶ್ಯ. ಕೂದಲೆಳೆಯಂಥ ಗೆರೆಗಳು, ನಾಯಿಯ ಮೈಮೇಲಿನ ರೋಮವನ್ನು ಎಣಿಸಬಹುದು. ನಾನೂ ಬಾಯಿಬಿಟ್ಟು ನೋಡಿದೆ.

ಮೇಷ್ಟ್ರು ಕೊನೆಗೆ ಹೇಳಿದ್ದು ಇಷ್ಟು: “ಇವು ಆ ಕಾಲದ ಜನಜೀವನದ ಕನ್ನಡಿ. ಮನುಷ್ಯನಿಗೂ ನಿಸರ್ಗಕ್ಕೂ ನಡುವೆ ಇನ್ನೂ ಬಿರುಕು ಬಿಡದಿದ್ದ ಕಾಲದ ದಾಖಲೆ.” ಸಭೆ ಚಪ್ಪಾಳೆ ತಟ್ಟಿತು.

ನನ್ನ ಸರದಿ ಬಂದಾಗ ಒಂದೇ ಪ್ರಶ್ನೆ ಕೇಳಿದೆ. ಆ ಕನ್ನಡಿಯಲ್ಲಿ ಕಾಣುವ ಕಾಡು ಯಾರದು ಸರ್? ಆ ನದಿಯ ಮೀನು ಯಾರದು?

ಅವರು ನಕ್ಕರು. “ಸಾಹೇಬ್ರೇ, ನೀವು ಕಥೆ ಬರೆಯೋರು. ಎಲ್ಲದರಲ್ಲೂ ಒಂದು ಜಗಳ ಹುಡುಕ್ತೀರಿ. ಕಲೆಯನ್ನ ಕಲೆಯಾಗಿ ನೋಡಬೇಕು.”

ಮೇಷ್ಟ್ರು ಒಳ್ಳೆಯವರು. ನನಗೆ ಎಷ್ಟೋ ಪುಸ್ತಕ ಕೊಟ್ಟಿದ್ದಾರೆ. ಸಂಜೆ ಇಬ್ಬರೂ ಮಾತಾಡುತ್ತ ಬಸ್‌ಸ್ಟ್ಯಾಂಡಿಗೆ ನಡೆದುಕೊಂಡು ಹೊರಟೆವು. ದಾರಿ ಮಾಂಸದ ಮಾರ್ಕೆಟ್ಟಿನ ಪಕ್ಕದಲ್ಲಿ ಹಾದುಹೋಗುತ್ತದೆ. ಅಲ್ಲಿಗೆ ಬರುತ್ತಲೇ ಮೇಷ್ಟ್ರು ಮಾತು ನಿಲ್ಲಿಸಿ ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. ದಾಟಿದ ಮೇಲೆ ಮತ್ತೆ ಜಿಂಕೆಯ ಚಿತ್ರದ ಸೊಬಗಿನ ಬಗ್ಗೆ ಮಾತು ಮುಂದುವರಿಸಿದರು. ಆ ಮಾರ್ಕೆಟ್ಟಿನಲ್ಲಿ ನನ್ನ ಮಾಮುವಿನ ಅಂಗಡಿಯಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಅವತ್ತು ಹೇಳದೆ ಉಳಿದ ಮಾತನ್ನು ಈಗ ಬರೆಯುತ್ತಿದ್ದೇನೆ.

ಮೊದಲು ಕನ್ನಡಿಯ ಮಾತು. ಒಂದರ್ಥದಲ್ಲಿ ಮೇಷ್ಟ್ರು ಹೇಳಿದ್ದು ಅಕ್ಷರಶಃ ನಿಜ. ತಾಮ್ರದ ಹಾಳೆಯನ್ನು ನುಣುಪಾಗಿ ಉಜ್ಜಿ, ಬ್ಯೂರಿನ್ ಎಂಬ ಚೂಪಾದ ಉಕ್ಕಿನ ಉಳಿಯಿಂದ ಅದರ ಮೇಲೆ ಗೆರೆ ಕೊರೆಯುತ್ತಾರೆ. ಮಸಿ ಬಳಿದು ಮೇಲ್ಮೈಯನ್ನು ಒರೆಸಿದರೆ ಗೆರೆಯೊಳಗೆ ಮಾತ್ರ ಮಸಿ ಉಳಿಯುತ್ತದೆ. ಮೇಲೆ ಒದ್ದೆ ಕಾಗದವಿಟ್ಟು ಎರಡು ಉರುಳೆಗಳ ನಡುವೆ ಒತ್ತಿ ಎಳೆದರೆ ಚಿತ್ರ ಕಾಗದಕ್ಕಿಳಿಯುತ್ತದೆ. ಆದರೆ ಎಡ ಬಲವಾಗಿ, ಬಲ ಎಡವಾಗಿ ಇಳಿಯುತ್ತದೆ. ಕೆತ್ತುವವನು ಮೊದಲೇ ತಿರುಗಿಸಿಕೊಂಡು ಕೆತ್ತದಿದ್ದರೆ ಬಲಗೈಯಲ್ಲಿ ಈಟಿ ಹಿಡಿದವರೆಲ್ಲ ಎಡಚರಾಗಿಬಿಡುತ್ತಾರೆ. ಹೀಗಾಗಿ ಕನ್ನಡಿಯೇನೋ ಹೌದು. ಅದರ ಎದುರು ಯಾರನ್ನು ನಿಲ್ಲಿಸಿದ್ದರು ಎಂಬುದು ನನ್ನ ಪ್ರಶ್ನೆ.

ಮೇಷ್ಟ್ರು ತೋರಿಸಿದ ಚಿತ್ರಗಳಲ್ಲಿ ಹೆಚ್ಚಿನವು ಸ್ಟ್ರಾಡಾನಸ್ ಎಂಬಾತನವು. ಆತ 1523ರಲ್ಲಿ ಫ್ಲಾಂಡರ್ಸಿನ ಬ್ರೂಜ್ ಪಟ್ಟಣದಲ್ಲಿ ಹುಟ್ಟಿ, ಇಟಲಿಗೆ ಹೋಗಿ, ಫ್ಲಾರೆನ್ಸಿನ ಮೆದಿಚಿ ದೊರೆಗಳ ಆಸ್ಥಾನದಲ್ಲಿ ಬದುಕಿ, ಅಲ್ಲೇ 1605ರಲ್ಲಿ ತೀರಿಕೊಂಡ. ದೊರೆ ಕೊಸಿಮೊ ದೆ ಮೆದಿಚಿಗೆ ಪೊಜ್ಜೊ ಆ ಕಯಾನೊ ಎಂಬಲ್ಲಿ ಒಂದು ಬಂಗಲೆಯಿತ್ತು. ಅದರ ಕೋಣೆಗಳ ಗೋಡೆಗೆ ತೂಗುಹಾಕಲು ನೇಯ್ಗೆಯ ದೊಡ್ಡ ಚಿತ್ರಪರದೆಗಳು ಬೇಕಾಗಿದ್ದವು. 1560ರ ದಶಕದ ಕೊನೆಯಿಂದ ಹತ್ತು ವರ್ಷ ಸ್ಟ್ರಾಡಾನಸ್ ಆ ಪರದೆಗಳಿಗೆ ಬೇಟೆಯ ದೃಶ್ಯಗಳನ್ನು ಬರೆದುಕೊಟ್ಟ. ಅವು ಜನ ಮೆಚ್ಚುವ ಚಿತ್ರಗಳಾದ್ದರಿಂದ ಆಂಟ್‌ವರ್ಪಿನ ಅಚ್ಚಿನ ವ್ಯಾಪಾರಿಗಳ ಕಣ್ಣಿಗೆ ಬಿದ್ದವು. 1578ರಲ್ಲಿ ಫಿಲಿಪ್ಸ್ ಗಾಲೆ ಎಂಬ ಪ್ರಕಾಶಕ ಅವುಗಳ ಒಂದು ಮಾಲೆಯನ್ನೇ ತಾಮ್ರದಲ್ಲಿ ಕೆತ್ತಿಸಿ ಅಚ್ಚು ಹಾಕಿದ. ಆ ಶತಮಾನ ಮುಗಿಯುವ ಹೊತ್ತಿಗೆ ಮಾಲೆ ಬೆಳೆದು 104 ಚಿತ್ರಗಳಾದವು. ಪ್ರತಿ ಚಿತ್ರದ ಕೆಳಗೆ ಲ್ಯಾಟಿನ್ ಪದ್ಯ. ಲ್ಯಾಟಿನ್ ಬಲ್ಲವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಅಂದರೆ ಇವು ಮೊದಲು ಹುಟ್ಟಿದ್ದು ದೊರೆಯ ಗೋಡೆಗೆ. ದೊರೆ ಊಟದ ನಂತರ ತಲೆಯೆತ್ತಿ ನೋಡಿದಾಗ ತನ್ನನ್ನೇ ಕಾಣಬೇಕು, ಅದಕ್ಕೆ. ಸ್ಟ್ರಾಡಾನಸ್ ಬರೆದ ಆನೆಗಳೂ ಇವೆ, ಸಿಂಹಗಳೂ ಇವೆ, ಉಷ್ಟ್ರಪಕ್ಷಿಗಳೂ ಇವೆ. ಇವುಗಳ ಬೇಟೆ ಫ್ಲಾರೆನ್ಸಿನ ಸುತ್ತಮುತ್ತ ಯಾವ ರೈತನ ‘ಜನಜೀವನ’ವೂ ಆಗಿರಲಿಲ್ಲ. ರೋಮಿನ ಪ್ಲಿನಿಯಂಥ ಪ್ರಾಚೀನರ ಗ್ರಂಥಗಳಿಂದ ಎತ್ತಿಕೊಂಡ ಬೇಟೆಗಳು ಅವು. ಕಣ್ಣಿಂದ ಕಂಡದ್ದು, ಪುಸ್ತಕದಲ್ಲಿ ಓದಿದ್ದು, ಆಸ್ಥಾನಕ್ಕೆ ಬೇಕಾದದ್ದು ಮೂರೂ ಒಂದೇ ಮಾಲೆಯಲ್ಲಿ, ಒಂದೇ ಬಗೆಯ ಗೆರೆಯಲ್ಲಿ ಬಂದಿವೆ. ಯಾವುದು ಯಾವುದೆಂದು ಗೆರೆ ಹೇಳುವುದಿಲ್ಲ.

ಆ ಮಾಲೆಯ ಹೆಸರಿನಲ್ಲಿ ಒಂದು ಸ್ವಾರಸ್ಯವಿದೆ. ಲ್ಯಾಟಿನ್ ಶೀರ್ಷಿಕೆಯನ್ನು ಕನ್ನಡಕ್ಕೆ ತಂದರೆ ‘ಮೃಗಗಳ, ಹಕ್ಕಿಗಳ, ಮೀನುಗಳ ಬೇಟೆಗಳು’ ಎಂದಾಗುತ್ತದೆ. ಮೂರಕ್ಕೂ ಒಂದೇ ಪದ. ನಾನು ಮನೆಯಲ್ಲಿ, ಮದರಸಾದಲ್ಲಿ ಉರ್ದು ಕಲಿತವನು. ಉರ್ದುವಿನಲ್ಲೂ ಹೀಗೇ. ಹುಲಿಗೂ ಶಿಕಾರ್, ಮೀನಿಗೂ ಶಿಕಾರ್. ಕೊಲ್ಲುವ ಕೆಲಸಕ್ಕೂ ಶಿಕಾರ್, ಕೊಲ್ಲಲ್ಪಟ್ಟ ಪ್ರಾಣಿಗೂ ಶಿಕಾರ್. ಕನ್ನಡ ಶಾಲೆಗೆ ಬಂದಾಗ ಮೇಷ್ಟ್ರ ಬಾಯಲ್ಲಿ ರಾಜರು ಬೇಟೆಗೆ ಹೋಗುತ್ತಿದ್ದರು, ಬೆಸ್ತರು ಮೀನು ಹಿಡಿಯುತ್ತಿದ್ದರು. ಒಂದು ವಿಹಾರ, ಇನ್ನೊಂದು ಜಾತಿಯ ಕಸುಬು. ಭಾಷೆ ಎಲ್ಲಿ ಸೇರಿಸುತ್ತದೆ, ಎಲ್ಲಿ ಬೇರ್ಪಡಿಸುತ್ತದೆ ಎಂಬುದು ಹುಡುಗನಾಗಿದ್ದಾಗ ನನಗೆ ಹೊಳೆದಿರಲಿಲ್ಲ. ಸ್ಟ್ರಾಡಾನಸ್‌ನ ಶೀರ್ಷಿಕೆ ಸೇರಿಸಿದ್ದನ್ನು ಅವನ ಚಿತ್ರಗಳು ಬೇರ್ಪಡಿಸುತ್ತವೆ. ಮೃಗಬೇಟೆಯ ಹಾಳೆಗಳಲ್ಲಿ ಕುದುರೆ ಏರಿದವರ ಟೋಪಿಯ ಗರಿ, ಸೊಂಟದ ಕತ್ತಿಗಳ ವೈಭವ. ಪೊದೆ ಬಡಿದು ಪ್ರಾಣಿಯನ್ನು ಎಬ್ಬಿಸುವವನು, ನಾಯಿಯ ಹಗ್ಗ ಹಿಡಿದವನು, ಸತ್ತದ್ದನ್ನು ಹೊರುವವನು ಅಂಚಿಗೆ ಸರಿದಿರುತ್ತಾರೆ. ಮೀನಿನ ಹಾಳೆಗಳಿಗೆ ಬಂದರೆ ಮಾತ್ರ ಕೂಲಿಯವರು ಮುಂದೆ ಬರುತ್ತಾರೆ. ಯಾಕೆಂದರೆ ಮೊಣಕಾಲುದ್ದದ ನೀರಿಗಿಳಿದು ಬಲೆ ಎಳೆಯಲು ದೊರೆಗಳು ತಯಾರಿರಲಿಲ್ಲ. ಆ ಹಾಳೆಗಳು ನನಗೆ ಇಷ್ಟ, ಅದನ್ನು ಮುಚ್ಚಿಡುವುದಿಲ್ಲ. ಬಲೆ ಎಳೆಯುವ ಬೆನ್ನು ಹೇಗೆ ಬಾಗುತ್ತದೆ ಎಂಬುದು ಆ ಚಿತ್ರಕಾರನಿಗೆ ಚೆನ್ನಾಗಿ ಗೊತ್ತಿತ್ತು.

ಈಗ ಕಾಡು ಯಾರದು ಎಂಬ ಪ್ರಶ್ನೆಗೆ ಬರೋಣ. ಇದು ನನ್ನ ಕಥೆಗಾರನ ಕೊಂಕು ಅಲ್ಲ, ಆ ಕಾಲದವರೇ ಕೇಳಿದ ಪ್ರಶ್ನೆ. ಅದೂ ಅಚ್ಚಿನಲ್ಲಿ. 1525ರ ಮಾರ್ಚಿನಲ್ಲಿ ದಕ್ಷಿಣ ಜರ್ಮನಿಯ ಮೆಮ್ಮಿಂಗನ್ ಪಟ್ಟಣದಲ್ಲಿ ರೈತರು ಹನ್ನೆರಡು ಬೇಡಿಕೆಗಳ ಒಂದು ಪತ್ರ ಸಿದ್ಧಪಡಿಸಿದರು. ಊರೂರಿನ ಮುದ್ರಣಾಲಯಗಳಲ್ಲಿ ಅದು ಅಚ್ಚಾಗಿ ಸಾವಿರಾರು ಪ್ರತಿ ಹಂಚಿಹೋಯಿತು. ಅದರ ನಾಲ್ಕನೆಯ ಬೇಡಿಕೆ ಪೂರ್ತಿ ಬೇಟೆ ಮತ್ತು ಮೀನಿನದು. ಬಡವನು ಕಾಡಿನ ಪ್ರಾಣಿಯನ್ನಾಗಲಿ, ಹಕ್ಕಿಯನ್ನಾಗಲಿ, ಹರಿಯುವ ನೀರಿನ ಮೀನನ್ನಾಗಲಿ ಹಿಡಿಯಬಾರದೆಂಬ ರೂಢಿ ದೇವರ ಮಾತಿಗೆ ವಿರುದ್ಧ ಎಂದು ಅವರು ಬರೆದರು. ದೊರೆಗಳು ಸಾಕಿಕೊಂಡ ಬೇಟೆಯ ಪ್ರಾಣಿಗಳು ನಮ್ಮ ಪೈರು ಮೇಯುತ್ತವೆ, ನಾವು ಬಾಯಿ ಮುಚ್ಚಿಕೊಂಡು ನೋಡಬೇಕು ಎಂದೂ ಬರೆದರು. ನದಿಯ ನೀರನ್ನು ಯಾರಾದರೂ ಕೊಂಡುಕೊಂಡ ಕಾಗದಪತ್ರ ತೋರಿಸಿದರೆ ಅದನ್ನು ಬಲವಂತದಿಂದ ಕಿತ್ತುಕೊಳ್ಳುವುದಿಲ್ಲ ಎಂಬ ಸೌಜನ್ಯವೂ ಅದರಲ್ಲಿತ್ತು. ದಂಗೆ ಎದ್ದವರು ಎಂದು ಯಾರನ್ನು ಇತಿಹಾಸ ಕರೆಯಿತೋ ಅವರ ಭಾಷೆ ಇದು. ಉತ್ತರವಾಗಿ ಬಂದದ್ದು ಸೈನ್ಯ. ಸತ್ತವರ ಸಂಖ್ಯೆ ಒಂದು ಲಕ್ಷದವರೆಗೆ ಇರಬಹುದೆಂದು ಇತಿಹಾಸಕಾರರ ಅಂದಾಜು.

ಅದು ಜರ್ಮನಿ, ಸ್ಟ್ರಾಡಾನಸ್ ಇದ್ದದ್ದು ಫ್ಲಾರೆನ್ಸಿನಲ್ಲಿ ಎಂದು ಮೇಷ್ಟ್ರು ತಕರಾರು ತೆಗೆಯಬಹುದು. ಸರಿ. ಆದರೆ ಮೆದಿಚಿಗಳೂ ತಮಗಾಗಿ ಕಾದಿರಿಸಿದ ಬೇಟೆಯ ಕಾಡುಗಳನ್ನು ಇಟ್ಟುಕೊಂಡಿದ್ದವರೇ. ಇನ್ನೂ ಹತ್ತಿರದ ಸಾಕ್ಷಿ ಬೇಕೆಂದರೆ ಇಂಗ್ಲೆಂಡಿಗೆ ಹೋಗೋಣ. ಅಲ್ಲಿ ಚಿತ್ರ ಮತ್ತು ಕಾನೂನು ಕೈಕೈ ಹಿಡಿದುಕೊಂಡೇ ಬಂದವು.

1671ರಲ್ಲಿ ಲಂಡನ್ನಿನಲ್ಲಿ ಒಂದು ಚಿತ್ರಮಾಲೆ ಪ್ರಕಟವಾಯಿತು. ಫ್ರಾನ್ಸಿಸ್ ಬಾರ್ಲೊ ಬರೆದ ಚಿತ್ರಗಳು. ಅವನ್ನು ತಾಮ್ರಕ್ಕಿಳಿಸಿದವನು ಪ್ರಾಗ್ ನಗರದಲ್ಲಿ ಹುಟ್ಟಿದ ವೆನ್ಸೆಸ್ಲಾಸ್ ಹೊಲ್ಲಾರ್. ಈತ ಉಳಿಯ ಬದಲು ಆಮ್ಲದಿಂದ ಗೆರೆ ಕೊರೆಯುವುದರಲ್ಲಿ ನಿಸ್ಸೀಮ. ಬೇಟೆ, ಗಿಡುಗದ ಬೇಟೆ, ಮೀನು ಹಿಡಿಯುವುದು ಇವುಗಳ ಹಲವು ಬಗೆಗಳು, ‘ಇಂಗ್ಲಿಷ್ ರೀತಿಯಲ್ಲಿ’ ಎಂದು ಅದರ ಶೀರ್ಷಿಕೆ. ಅದೇ 1671ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟ್ ಬೇಟೆಯ ಕಾಯ್ದೆಯೊಂದನ್ನು ಮಾಡಿತು. ಅದರ ಪ್ರಕಾರ ವರ್ಷಕ್ಕೆ ನೂರು ಪೌಂಡ್ ಉತ್ಪತ್ತಿಯ ಸ್ವಂತ ಜಮೀನೋ, ನೂರೈವತ್ತು ಪೌಂಡ್ ಉತ್ಪತ್ತಿಯ ದೀರ್ಘಕಾಲದ ಗೇಣಿಯೋ ಇದ್ದವನಿಗೆ, ಇಲ್ಲವೇ ದೊಡ್ಡ ಮನೆತನದ ವಾರಸುದಾರನಿಗೆ ಮಾತ್ರ ಬೇಟೆಯ ಹಕ್ಕು. ಉಳಿದವರ ಮನೆಗೆ ನುಗ್ಗಿ ಬಂದೂಕು, ನಾಯಿ, ಬಲೆ ಹುಡುಕಿ ಕಿತ್ತುಕೊಳ್ಳುವ ಅಧಿಕಾರ ಜಮೀನ್ದಾರನ ಕಾವಲುಗಾರರಿಗೆ. ಸ್ವಂತ ಗದ್ದೆಗೆ ನುಗ್ಗಿದ ಮೊಲವನ್ನು ಹೊಡೆದರೂ ಬಡ ರೈತ ಅಪರಾಧಿ. ಹಾಗಾದರೆ ‘ಇಂಗ್ಲಿಷ್ ರೀತಿ’ ಎಂದರೆ ಎಷ್ಟು ಮಂದಿ ಇಂಗ್ಲಿಷರ ರೀತಿ?

ಇದು ಇಲ್ಲಿಗೇ ನಿಲ್ಲಲಿಲ್ಲ. 1723ರಲ್ಲಿ ಬಂದ ‘ಕರಿ ಕಾಯ್ದೆ’ ಮುಖಕ್ಕೆ ಮಸಿ ಬಳಿದುಕೊಂಡು, ಆಯುಧ ಹಿಡಿದು ಜಿಂಕೆಯ ಕಾಡಿಗೆ ನುಗ್ಗಿದವರಿಗೆ ಮರಣದಂಡನೆ ವಿಧಿಸಿತು. ಮೀನಿನ ಕೊಳದ ಏರಿ ಒಡೆದರೂ ಗಲ್ಲು. ಬೇಟೆ ಮತ್ತು ಮೀನುಗಾರಿಕೆಯ ಆ ಸುಂದರ ದೃಶ್ಯಗಳ ಹಿಂದೆ ಗಲ್ಲುಮರವೊಂದು ನಿಂತಿದೆ. ಯಾವ ಕೆತ್ತನೆಗಾರನೂ ಅದನ್ನು ಹಿನ್ನೆಲೆಯಲ್ಲಿ ಸೇರಿಸಲಿಲ್ಲ, ಸೇರಿಸಿದ್ದರೆ ಚಿತ್ರ ಮಾರಾಟವಾಗುತ್ತಿರಲಿಲ್ಲ. ಯಾರು ಕೊಳ್ಳುತ್ತಿದ್ದರು ಎಂಬುದನ್ನೂ ಯೋಚಿಸಿ. ಚಿತ್ರಪರದೆ ದೊರೆಯೊಬ್ಬನಿಗೆ ಮಾತ್ರ ಎಟುಕುವ ವಸ್ತು. ಕಾಗದದ ಚಿತ್ರ ನಗರದ ವರ್ತಕನಿಗೂ, ವಕೀಲನಿಗೂ ಸಿಗುತ್ತಿತ್ತು. ಬೇಟೆಯ ಹಕ್ಕಿಲ್ಲದವನು ಬೇಟೆಯ ಚಿತ್ರ ಕೊಂಡು ಮನೆಯಲ್ಲಿ ತೂಗುಹಾಕಿದ. ಕಾಡು ಸಿಗಲಿಲ್ಲ, ಕಾಡಿನ ಒಡೆಯನಾಗುವ ಆಸೆ ಸಿಕ್ಕಿತು. ನಮ್ಮ ಮಲೆನಾಡಿನ ಲಾಡ್ಜುಗಳಲ್ಲಿ ಇಂದಿಗೂ ಇಂಗ್ಲಿಷ್ ಬೇಟೆಯ ಚಿತ್ರಗಳ ನಕಲನ್ನು ಕಟ್ಟು ಹಾಕಿ ನೇತುಹಾಕುವವರು ಅದೇ ಆಸೆಯ ಮೊಮ್ಮಕ್ಕಳು.

“ಇವತ್ತಿನ ತಕ್ಕಡಿಯಲ್ಲಿ ಅಂದಿನವರನ್ನು ತೂಗಬೇಡಿ” ಎಂಬುದು ಇಂಥ ಚರ್ಚೆಯಲ್ಲಿ ತಪ್ಪದೆ ಬರುವ ಬುದ್ಧಿಮಾತು. ಅಂದು ಸಭೆಯಲ್ಲೂ ಒಬ್ಬರು ಹೇಳಿದರು. ನಾನು ಅಂದಿನವರ ತಕ್ಕಡಿಯನ್ನೇ ತರುತ್ತೇನೆ.

ಇರಾಸ್ಮಸ್ 1511ರಲ್ಲಿ ಪ್ರಕಟವಾದ ‘ಮೌಢ್ಯದ ಹೊಗಳಿಕೆ’ ಎಂಬ ಕೃತಿಯಲ್ಲಿ ಬೇಟೆಗಾರರನ್ನು ಹೇಗೆ ಗೇಲಿ ಮಾಡುತ್ತಾನೆ ನೋಡಿ. ಎತ್ತನ್ನೋ ಕುರಿಯನ್ನೋ ಯಾವ ಸಾಮಾನ್ಯನಾದರೂ ಕೊಯ್ಯಬಹುದಂತೆ. ಕಾಡಿನ ಪ್ರಾಣಿಯನ್ನು ಕೊಯ್ಯಲು ಮಾತ್ರ ಕುಲೀನನೇ ಆಗಬೇಕಂತೆ. ಟೋಪಿ ತೆಗೆದು, ಮೊಣಕಾಲೂರಿ, ಅದಕ್ಕೆಂದೇ ಇರುವ ಕತ್ತಿಯಿಂದ, ಇಂಥ ಅಂಗವನ್ನು ಇಂಥ ಕ್ರಮದಲ್ಲಿ ಎಂದು ಪೂಜೆಯಂತೆ ಕೊಯ್ಯುತ್ತಾನಂತೆ. ಸುತ್ತ ನಿಂತವರು ಸಾವಿರ ಸಲ ನೋಡಿದ್ದನ್ನು ಮೊದಲ ಸಲ ಕಂಡವರಂತೆ ಬೆರಗಾಗುತ್ತಾರಂತೆ. ಅವನ ಗೆಳೆಯ ಥಾಮಸ್ ಮೋರ್ 1516ರಲ್ಲಿ ‘ಯುಟೋಪಿಯಾ’ ಪ್ರಕಟಿಸಿದ. ಅದರ ಕಥೆ ಶುರುವಾಗುವುದು ಇದೇ ಆಂಟ್‌ವರ್ಪ್ ಪಟ್ಟಣದಲ್ಲಿ. ಆ ಕಲ್ಪನೆಯ ನಾಡಿನಲ್ಲಿ ಬೇಟೆಯನ್ನು ಕಟುಕರಿಗೆ ಬಿಟ್ಟಿದ್ದಾರೆ. ಅಷ್ಟೇ ಅಲ್ಲ, ಕಟುಕತನದಲ್ಲಿ ಬೇಟೆಯೇ ಅತ್ಯಂತ ಕೀಳು ಭಾಗ ಎನ್ನುತ್ತಾರೆ. ಯಾಕೆಂದರೆ ಕಟುಕ ಅಗತ್ಯಕ್ಕಾಗಿ ಕೊಲ್ಲುತ್ತಾನೆ, ಬೇಟೆಗಾರ ಬಡಪಾಯಿ ಪ್ರಾಣಿ ಸಾಯುವುದನ್ನು ನೋಡಿ ಖುಷಿ ಪಡುತ್ತಾನೆ. ಮೋರ್ ಕಟುಕರ ಪರವಾಗಿದ್ದ ಎಂದು ನಾನು ಹೇಳುತ್ತಿಲ್ಲ. ಅವನ ಆದರ್ಶ ನಾಡಿನಲ್ಲಿ ಕಟುಕರು ಗುಲಾಮರು. ಪ್ರಾಣಿ ಕೊಯ್ದರೆ ಕರುಣೆ ಬತ್ತುತ್ತದೆಂದು ಪ್ರಜೆಗಳು ಆ ಕೆಲಸ ಮುಟ್ಟುವುದಿಲ್ಲ, ಊಟಕ್ಕೆ ಮಾತ್ರ ಮಾಂಸ ಬೇಕು. ಈ ನೀತಿ ನಮ್ಮ ಓದುಗರಿಗೆ ಹೊಸದೇನಲ್ಲ. ಆದರೂ ಕೊಲ್ಲುವುದರಲ್ಲಿ ಅಗತ್ಯ ಯಾವುದು, ಮೋಜು ಯಾವುದು ಎಂಬ ಭೇದ 1516ರಲ್ಲೇ ಒಬ್ಬ ಯುರೋಪಿಯನ್ನನಿಗೆ ಸ್ಪಷ್ಟವಾಗಿತ್ತು.

ಇಷ್ಟೆಲ್ಲ ಆದಮೇಲೂ 1575ರಲ್ಲಿ ಲಂಡನ್ನಿನಲ್ಲಿ ಬೇಟೆಯ ಕಲೆಯ ಬಗ್ಗೆ ಒಂದು ದೊಡ್ಡ ಪುಸ್ತಕ ಬಂತು. ಜಾರ್ಜ್ ಗ್ಯಾಸ್ಕೊಯ್ನ್ ಎಂಬ ಕವಿ ಫ್ರೆಂಚಿನಿಂದ ಮಾಡಿಕೊಂಡ ಅನುವಾದ ಅದು. ಮೇಷ್ಟ್ರು ತೋರಿಸಿದ ರಾಣಿಯ ಚಿತ್ರ ಅದರದೇ. ಅದು ತಾಮ್ರದ್ದಲ್ಲ, ಮರದ ಅಚ್ಚು. ಸತ್ತ ಜಿಂಕೆ ಬಿದ್ದಿದೆ. ಬೇಟೆಯ ಮುಖ್ಯಸ್ಥ ಮೊಣಕಾಲೂರಿ ರಾಣಿ ಎಲಿಜಬೆತ್‌ಗೆ ಕತ್ತಿ ನೀಡುತ್ತಿದ್ದಾನೆ. ಹೊಟ್ಟೆ ಸೀಳುವ ಮೊದಲ ಗೌರವ ಆಕೆಯದು. ಇರಾಸ್ಮಸ್ ಗೇಲಿ ಮಾಡಿದ ಪೂಜೆಯೇ ಇದು. 1611ರಲ್ಲಿ ಪುಸ್ತಕ ಮತ್ತೆ ಅಚ್ಚಾಗುವ ಹೊತ್ತಿಗೆ ರಾಣಿ ತೀರಿಕೊಂಡು ಜೇಮ್ಸ್ ದೊರೆ ಪಟ್ಟಕ್ಕೆ ಬಂದಿದ್ದ. ಪ್ರಕಾಶಕ ಹೊಸ ಚಿತ್ರ ಕೆತ್ತಿಸುವ ಗೋಜಿಗೆ ಹೋಗಲಿಲ್ಲ. ಹಳೆಯ ಅಚ್ಚಿನಿಂದ ರಾಣಿಯ ಆಕೃತಿಯನ್ನು ಕಿತ್ತು, ಆ ಜಾಗಕ್ಕೆ ರಾಜನನ್ನು ಕೂರಿಸಿದ. ಜಿಂಕೆ ಅದೇ. ಮೊಣಕಾಲೂರಿದವನೂ ಅವನೇ. ಈ ಚಿತ್ರವನ್ನು ಕನ್ನಡಿ ಎನ್ನುವವರು ಕನ್ನಡಿಯೊಳಗಿನ ಮನುಷ್ಯರನ್ನು ಹೀಗೆ ಬಿಚ್ಚಿ ಜೋಡಿಸಲು ಬರುತ್ತದೆಯೇ ಎಂದು ಹೇಳಬೇಕು.

ನನ್ನ ಮಾಮು ಕುರಿ ಕೊಯ್ಯುವಾಗ ಯಾರೂ ಟೋಪಿ ತೆಗೆಯುವುದಿಲ್ಲ. ಬೆಳಗಿನ ನಾಲ್ಕು ಗಂಟೆಗೆ ಎದ್ದು, ಕತ್ತಿ ಮಸೆದು, ಪ್ರಾಣಿಗೆ ನೀರು ಕುಡಿಸಿ, ಒಂದು ಕುರಿಯ ಎದುರು ಇನ್ನೊಂದನ್ನು ಕೊಯ್ಯದೆ, ದೇವರ ಹೆಸರು ಹೇಳಿ ಕೆಲಸ ಮುಗಿಸುತ್ತಾರೆ. ಅವರ ಕಸುಬಿನ ಹೆಸರು ನಮ್ಮ ಭಾಷೆಯಲ್ಲಿ ಒಂದು ಬೈಗುಳ. ಶಾಲೆಯಲ್ಲಿ ನನ್ನ ಮಾಮುವಿನ ಮಗನಿಗೆ ಆ ಬೈಗುಳವೇ ಅಡ್ಡಹೆಸರಾಗಿತ್ತು. ‘ಬೇಟೆಗಾರ’ ಎಂದು ಯಾರಾದರೂ ಬೈದದ್ದನ್ನು ನಾನು ಕೇಳಿಲ್ಲ. ಕುರಿಯ ಹೊಟ್ಟೆ ಸೀಳಿದರೆ ಮೂಗಿಗೆ ಕರವಸ್ತ್ರ, ಜಿಂಕೆಯ ಹೊಟ್ಟೆ ಸೀಳುವ ಚಿತ್ರಕ್ಕೆ ಚಪ್ಪಾಳೆ. ಹೆಣ ಎರಡು ಕಡೆಯೂ ಇದೆಯಲ್ಲ ಸರ್?

ಕರವಸ್ತ್ರದ ಮಾತು ಬಂದದ್ದರಿಂದ ಇನ್ನೊಂದು ಚಿತ್ರ ನೆನಪಾಗುತ್ತದೆ. 1601ರ ಡಿಸೆಂಬರಿನಲ್ಲಿ ಹಾಲೆಂಡಿನ ಬೆವರ್‌ವೈಕ್ ಬಳಿ ದೊಡ್ಡ ತಿಮಿಂಗಿಲವೊಂದು ದಡಕ್ಕೆ ಬಿದ್ದು ಸತ್ತಿತು. ಯಾನ್ ಸಾನ್ರೆಡಾಮ್ ಎಂಬ ಕೆತ್ತನೆಗಾರ ಮರುವರ್ಷ ಅದರ ಚಿತ್ರ ಅಚ್ಚು ಹಾಕಿದ. ಅದನ್ನು ಯಾರೂ ಬೇಟೆಯಾಡಿದ್ದಲ್ಲ, ತಾನಾಗಿ ಸತ್ತದ್ದು. ಆದರೂ ಚಿತ್ರದ ಮುಂಭಾಗದಲ್ಲಿ ನಿಂತವನು ಎರ್ನ್ಸ್ಟ್ ಕಾಸಿಮಿರ್ ಎಂಬ ಶ್ರೀಮಂತ ದೊರೆ, ವಾಸನೆ ತಡೆಯಲು ಮೂಗಿಗೆ ಕರವಸ್ತ್ರ ಹಿಡಿದುಕೊಂಡು. ಆ ಚಿತ್ರದ ಮುಂದೆ ಎಷ್ಟು ನಕ್ಕಿದ್ದೇನೋ ಲೆಕ್ಕವಿಲ್ಲ. ಸಾನ್ರೆಡಾಮ್ ತನ್ನನ್ನೂ ಅದರಲ್ಲಿ ಸೇರಿಸಿಕೊಂಡಿದ್ದಾನೆ, ಕೂತು ಚಿತ್ರ ಬರೆಯುತ್ತಿರುವಂತೆ. ಅಷ್ಟಾದರೂ ಪ್ರಾಮಾಣಿಕತೆ ಅವನಿಗಿತ್ತು. ನೋಡುವವನೊಬ್ಬ ಇಲ್ಲಿದ್ದಾನೆ ಎಂದು ಹೇಳಿಬಿಟ್ಟ.

ಚಿತ್ರಕಾರರೆಲ್ಲ ದೊರೆಗಳ ಬಂಟರಾಗಿದ್ದರು ಎಂಬುದು ನನ್ನ ವಾದ ಎಂದು ಯಾರೂ ತಿಳಿಯಬಾರದು. ಆಂಟ್‌ವರ್ಪಿನಲ್ಲಿ ಹಿರೋನಿಮಸ್ ಕಾಕ್ ಎಂಬ ಪ್ರಕಾಶಕನಿದ್ದ. ‘ನಾಲ್ಕು ಗಾಳಿಗಳು’ ಎಂಬುದು ಅವನ ಅಂಗಡಿಯ ಹೆಸರು. ಸ್ಟ್ರಾಡಾನಸ್‌ನ ಬೇಟೆಯ ಚಿತ್ರಗಳನ್ನು 1570ರಲ್ಲಿ ಮೊದಲು ಅಚ್ಚು ಹಾಕಿದವನು ಅವನೇ. ಆದರೆ ಅದೇ ಅಂಗಡಿಯಿಂದ ಹದಿಮೂರು ವರ್ಷ ಮೊದಲು, 1557ರಲ್ಲಿ, ಇನ್ನೊಂದು ಮೀನಿನ ಚಿತ್ರ ಬಂದಿತ್ತು. ಬರೆದವನು ಪೀಟರ್ ಬ್ರೂಗೆಲ್. ಕಾಕ್ ಮಾತ್ರ ಹಾಳೆಯ ಮೇಲೆ ಅವನ ಹೆಸರು ಹಾಕದೆ, ನಲವತ್ತು ವರ್ಷ ಹಿಂದೆ ತೀರಿಕೊಂಡಿದ್ದ ಪ್ರಸಿದ್ಧ ಚಿತ್ರಕಾರ ಬಾಷ್‌ನ ಹೆಸರು ಕೆತ್ತಿಸಿದ. ಬಾಷ್ ಹೆಸರಿಗೆ ಬೆಲೆ ಹೆಚ್ಚಿತ್ತು, ವ್ಯಾಪಾರ ಎಂದರೆ ಹಾಗೆಯೇ. ಇರಲಿ, ಚಿತ್ರ ನೋಡಿ. ಬೆಟ್ಟದಂಥ ಮೀನೊಂದು ದಡದಲ್ಲಿ ಬಿದ್ದಿದೆ. ಒಬ್ಬ ಆಳೆತ್ತರದ ಚೂರಿಯಿಂದ ಅದರ ಹೊಟ್ಟೆ ಸೀಳಿದ್ದಾನೆ. ಒಳಗಿಂದ ಮೀನುಗಳು ಸುರಿಯುತ್ತಿವೆ, ಅವುಗಳ ಬಾಯಲ್ಲಿ ಮತ್ತೆ ಮೀನು. ಮರಕ್ಕೆ ಮೀನು ನೇತುಬಿದ್ದಿದೆ. ದೂರದಲ್ಲಿ ಮೀನೊಂದು ಮನುಷ್ಯರ ಕಾಲಿನ ಮೇಲೆ ನಡೆದುಹೋಗುತ್ತಿದೆ, ಬಾಯಲ್ಲಿ ಇನ್ನೊಂದು ಮೀನು. ಮುಂದಿನ ದೋಣಿಯಲ್ಲಿ ಒಬ್ಬ ಅಪ್ಪ ಮಗನಿಗೆ ಇದನ್ನೆಲ್ಲ ಬೆರಳು ಮಾಡಿ ತೋರಿಸುತ್ತಿದ್ದಾನೆ. ಅವನ ಪಕ್ಕದಲ್ಲಿ ‘ನೋಡು’ ಎಂಬರ್ಥದ ಲ್ಯಾಟಿನ್ ಪದ. ನಮ್ಮಲ್ಲಿ ಇದಕ್ಕೆ ಮತ್ಸ್ಯನ್ಯಾಯ ಎಂಬ ಮ್ಯೂಸಿಯಮ್ಮಿಗೂ ಹೊರತಾದ ಹಳೆಯ ಹೆಸರಿದೆ, ಕೂಲಿಯವನಿಗೂ ಅರ್ಥವಾಗುವ ಹೆಸರು. ಆ ಚಿತ್ರಕ್ಕೂ ಹಾಗೆ ಯಾವ ವಿದ್ವಾಂಸನ ವಿವರಣೆಯೂ ಬೇಕಿಲ್ಲ.

ಬ್ರೂಗೆಲ್ ತನ್ನ ಕೈಯಾರೆ ತಾಮ್ರಕ್ಕಿಳಿಸಿದ್ದು ಇಡೀ ಜೀವನದಲ್ಲಿ ಒಂದೇ ಒಂದು ಚಿತ್ರ ಎನ್ನುತ್ತಾರೆ. ಅದು 1560ರ ಮೊಲದ ಬೇಟೆ. ಗುಡ್ಡದ ಇಳಿಜಾರಿನಲ್ಲಿ ಬೇಟೆಗಾರನೊಬ್ಬ ಅಡ್ಡಬಿಲ್ಲು ಹಿಡಿದು ಮೊಲಗಳಿಗೆ ಗುರಿಯಿಟ್ಟಿದ್ದಾನೆ, ಪಕ್ಕದಲ್ಲಿ ನಾಯಿ. ಕೆಳಗೆ ನದಿ, ಬಯಲು, ಎಲ್ಲ ಶಾಂತ. ನಿಧಾನವಾಗಿ ಕಣ್ಣಾಡಿಸಿದರೆ ಅವನ ಬೆನ್ನ ಹಿಂದಿನ ಮರದ ಮರೆಯಲ್ಲಿ ಇನ್ನೊಬ್ಬ ಕಾಣಿಸುತ್ತಾನೆ. ಅವನ ಕೈಯಲ್ಲಿ ಉದ್ದದ ಈಟಿ. ಅವನು ಮೊಲವನ್ನು ನೋಡುತ್ತಿಲ್ಲ.

ಇದನ್ನು ಮೇಷ್ಟ್ರು ತೋರಿಸಲಿಲ್ಲ. ಇವೂ ಅದೇ ಊರಿನ, ಅದೇ ಕಾಲದ ಬೇಟೆ ಮತ್ತು ಮೀನಿನ ಚಿತ್ರಗಳು. ಆಯ್ಕೆ ಮಾಡುವಾಗ ಬಿಟ್ಟುಹೋಗುವುದು ಯಾವಾಗಲೂ ಇಂಥವೇ ಏಕೆ?

ಅವರು ಕೊನೆಯಲ್ಲಿ ತೋರಿಸಿದ ಚಿತ್ರದ ಬಗ್ಗೆ ಹೇಳದೆ ಮುಗಿಸಲಾರೆ. ಸಭೆ ಹೆಚ್ಚು ಮೆಚ್ಚಿದ್ದೂ ಅದನ್ನೇ. ಅಮೆರಿಕದ ಪೂರ್ವ ತೀರ, ಇಂದಿನ ಉತ್ತರ ಕರೊಲಿನಾದ ರೋನೋಕ್ ಪ್ರದೇಶ. 1585ರಲ್ಲಿ ಅಲ್ಲಿಗೆ ಹೋದ ಇಂಗ್ಲಿಷರ ತಂಡದಲ್ಲಿ ಜಾನ್ ವೈಟ್ ಎಂಬ ಚಿತ್ರಕಾರನೂ, ಥಾಮಸ್ ಹ್ಯಾರಿಯಟ್ ಎಂಬ ವಿದ್ವಾಂಸನೂ ಇದ್ದರು. ವೈಟ್ ಅಲ್ಲಿಯ ಜನ ಮೀನು ಹಿಡಿಯುವುದನ್ನು ಜಲವರ್ಣದಲ್ಲಿ ಬರೆದ. ಆ ಚಿತ್ರ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದನ್ನು ನೋಡಿಕೊಂಡು, ಅಮೆರಿಕಕ್ಕೆ ಎಂದೂ ಕಾಲಿಡದ ಥಿಯೊಡೊರ್ ದ ಬ್ರೈ ತಾಮ್ರದಲ್ಲಿ ಕೆತ್ತಿಸಿ, 1590ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಹ್ಯಾರಿಯಟ್‌ನ ಬರಹದ ಜೊತೆ ನಾಲ್ಕು ಭಾಷೆಗಳಲ್ಲಿ ಪ್ರಕಟಿಸಿದ. ಮರ ಕೊರೆದು ಮಾಡಿದ ದೋಣಿ, ಅದರ ನಡುವೆ ಉರಿಯುವ ಬೆಂಕಿ, ನೀರಲ್ಲಿ ನಿಂತು ಈಟಿಯಿಂದ ತಿವಿಯುವವರು, ಜೊಂಡು ಕಡ್ಡಿಗಳನ್ನು ಸಾಲಾಗಿ ನೆಟ್ಟು ಮೀನು ಒಳಬಂದರೆ ಹೊರಹೋಗದಂತೆ ಕಟ್ಟಿದ ಬೇಲಿ. ಬೆಂಕಿ ಹೊತ್ತಿಸುವುದು ರಾತ್ರಿಯ ಮೀನುಗಾರಿಕೆಗೆ, ಚಿತ್ರದಲ್ಲಿ ಹಾಡುಹಗಲು. ಗೊತ್ತಿರುವ ವಿಧಾನಗಳನ್ನೆಲ್ಲ ಒಂದೇ ಹಾಳೆಯಲ್ಲಿ ತುಂಬಿದ್ದಾರೆ. ಹ್ಯಾರಿಯಟ್ ಕೆಳಗೆ ಬರೆದ ಟಿಪ್ಪಣಿಯಲ್ಲಿ ಮೆಚ್ಚುಗೆ ತುಂಬಿದೆ. ಕಬ್ಬಿಣವಿಲ್ಲದ ಈ ಜನ ಏಡಿಯಂಥ ಸಮುದ್ರಜೀವಿಯ ಬಾಲವನ್ನೇ ಈಟಿಯ ಮೊನೆಯಾಗಿ ಬಳಸುವ ಜಾಣ್ಮೆ, ಆಸ್ತಿ ಕೂಡಿಡುವ ಚಿಂತೆಯಿಲ್ಲದೆ ಒಟ್ಟಿಗೆ ಬಾಳುವ ಸುಖ, ಎಲ್ಲವೂ ಅದರಲ್ಲಿದೆ. ಬಿರುಕು ಬಿಡದ ನಿಸರ್ಗ ಎಂಬ ಮಾತು ಮೇಷ್ಟ್ರಿಗೆ ಹೊಳೆದದ್ದು ಇಲ್ಲಿಂದಲೇ ಇರಬೇಕು.

ಈಗ ಆ ಚಿತ್ರದ ಸುತ್ತ ನಡೆದದ್ದನ್ನು ಕೇಳಿ. ಅಲ್ಲಿದ್ದ ಇಂಗ್ಲಿಷರ ನಾಯಕ ರಾಲ್ಫ್ ಲೇನ್ ತಾನೇ ಬರೆದ ವರದಿಯಿದೆ. ಅವನ ಜನರಿಗೆ ಆ ಮೀನಿನ ಬೇಲಿ ಕಟ್ಟಲು ಬರುತ್ತಿರಲಿಲ್ಲ ಎಂದು ಅವನೇ ಒಪ್ಪಿಕೊಂಡಿದ್ದಾನೆ. ಅವರಿಗಾಗಿಯೂ ಬೇಲಿ ಹಾಕಿಕೊಟ್ಟವರು ಅಲ್ಲಿಯ ಜನ. ಪರದೇಶಿಗಳು ಅವರ ಮೀನು, ಅವರ ಜೋಳ ತಿಂದುಕೊಂಡೇ ದಿನ ದೂಡಿದರು. ಹೊಸ ಬೆಳೆ ಇನ್ನೂ ಬಾರದ 1586ರ ವಸಂತದಲ್ಲಿ ಇಬ್ಬರ ನಡುವೆ ಹಳಸಿತು. ಆ ಜನರ ಮುಖ್ಯಸ್ಥ ವಿಂಗಿನಾ. ಅವನು ತಮ್ಮ ಮೇಲೆ ಸಂಚು ಮಾಡುತ್ತಿದ್ದಾನೆ, ತಮಗೆ ಆಹಾರ ಮಾರದಂತೆ ತಡೆದು ರಾತ್ರಿ ಮೀನಿನ ಬೇಲಿಗಳನ್ನು ಮುರಿಯಿಸುತ್ತಾನೆ ಎಂಬುದು ಲೇನ್‌ನ ಆರೋಪ. ವಿಂಗಿನಾನ ಹೇಳಿಕೆಯನ್ನು ಬರೆದುಕೊಂಡವರಿಲ್ಲ. ಜೂನ್ 1ರಂದು ಲೇನ್ ಮಾತುಕತೆಯ ನೆಪದಲ್ಲಿ ಅವನ ಊರಿಗೆ ಹೋದ. ವಿಂಗಿನಾನಿಗೆ ಗುಂಡು ಹೊಡೆದರು. ಅವನು ಬಿದ್ದಲ್ಲಿಂದ ಎದ್ದು ಕಾಡಿಗೆ ಓಡಿದ. ಬೆನ್ನಟ್ಟಿ ಹೋದವನು ಅವನ ತಲೆಯನ್ನು ಕೈಯಲ್ಲಿ ಹಿಡಿದುಕೊಂಡು ವಾಪಸು ಬಂದ.

ದ ಬ್ರೈಯ ಪುಸ್ತಕ ಬಂದದ್ದು ಇದಾಗಿ ನಾಲ್ಕು ವರ್ಷಗಳ ಮೇಲೆ. ಹ್ಯಾರಿಯಟ್‌ಗೆ ಎಲ್ಲ ಗೊತ್ತಿತ್ತು. ತನ್ನ ಬರಹದ ಕೊನೆಯ ಭಾಗದಲ್ಲಿ ಒಂದು ವಾಕ್ಯ ಬರೆದಿದ್ದಾನೆ. ನಮ್ಮವರಲ್ಲಿ ಕೆಲವರು ವರ್ಷದ ಕೊನೆಗೆ ಅತಿಯಾಗಿ ಕ್ರೂರರಾದರು, ಸಹಿಸಿಕೊಳ್ಳಬಹುದಾಗಿದ್ದ ಕಾರಣಗಳಿಗೆ ಅಲ್ಲಿಯ ಕೆಲವರನ್ನು ಕೊಂದರು ಎಂದು. ಮೀನು ಹಿಡಿಯುವುದಕ್ಕೆ, ಮೀನು ಸುಡುವುದಕ್ಕೆ, ಕೂತು ಊಟ ಮಾಡುವುದಕ್ಕೆಲ್ಲ ಅದೇ ಪುಸ್ತಕದಲ್ಲಿ ಒಂದೊಂದು ಕೆತ್ತನೆಯಿದೆ. ಆ ವಾಕ್ಯಕ್ಕೆ ಚಿತ್ರವಿಲ್ಲ.